ಸಂಗೀತ ಪ್ರಶ್ನೋತ್ತರ: ಎರಡನೇ ಗಿಟಾರ್ ಹಿಂದೆ ಬೀಳುತ್ತದೆ, ಯಾಕೆ?

ಪ್ರಶ್ನೆ: ಅಮೆರಿಕದ ಹಾಡುಗಾರ ಎಮಿಟ್ ರೋಡ್ಸ್ 1970ರಾಗ ತನ್ನ ಹೆಸರಿನ ಆಲ್ಬಂಗೆ ಎಲ್ಲಾ ವಾದ್ಯ ತಾನ ಬಾರಿಸ್ಯಾನ. ಅದನ್ನ ಕೇಳಿ ನಾನೂ ಮನ್ಯಾಗ ಲ್ಯಾಪ್‌ಟಾಪಿಗೆ ಒಂದರ ಮ್ಯಾಲೊಂದು ಗಿಟಾರ್ ರೆಕಾರ್ಡ್ ಮಾಡಾಕ ಹತ್ತೇನ್ರಿ. ಎಷ್ಟ್ ತಾಳಕ್ಕ ಬಾರಿಸಿದ್ರೂ ಎರಡನೇದು ಹಿಂದ ಬೀಳ್ತದ. ದನಿ ಗುಂಯ್ ಅಂತದ, ಮಗ್ಗದ ಸಪ್ಪಳ ಬ್ಯಾರೆ. ಮತ್ತ ಇಷ್ಟ್ ಛಲೋ ಆಲ್ಬಂ ಮಂದಿಗೆ ಯಾಕ ಗೊತ್ತಿಲ್ಲ?
– ಓದುಗ, ಬೆಟಗೇರಿ, ಗದಗ

ಉತ್ತರ: ಮೊದಲು ಕಿವಿಯಲ್ಲೇನಿದೆ ನೋಡಿಕೊಳ್ಳಿ. ಬ್ಲೂಟೂತ್ ಇಯರ್‌ಬಡ್ ಇದ್ದರೆ ಅದೇ ಕಳ್ಳ. ಅದರಲ್ಲಿ ದನಿ 100 ಮಿಲಿಸೆಕೆಂಡಿಗೂ ಹೆಚ್ಚು ತಡವಾಗಿ ಬರುವುದುಂಟು. ನಿಮಿಷಕ್ಕೆ 120 ಬೀಟ್‌ನ ಹಾಡಿನಲ್ಲಿ ಒಂದು ಬೀಟ್ ಅಂದರೆ 500 ಮಿಲಿಸೆಕೆಂಡ್. ಹೆಚ್ಚುಕಡಿಮೆ ಕಾಲು ಬೀಟ್ ಅಲ್ಲೇ ಹೋಯಿತು. ನೀವು ಕೇಳಿದ್ದಕ್ಕೆ ಸರಿಯಾಗಿಯೇ ಬಾರಿಸುತ್ತಿದ್ದೀರಿ, ಕೇಳಿದ್ದೇ ತಡ. ವೈರ್ ಇರುವ ಹೆಡ್‌ಫೋನ್ ಹಾಕಿಕೊಳ್ಳಿ. ಆಮೇಲೂ ಅನುಮಾನವಿದ್ದರೆ, ಬರೀ ಟಿಕ್ ಟಿಕ್ ಅನ್ನುವ ಒಂದು ಟ್ರ್ಯಾಕ್ ಹಚ್ಚಿ, ಹೆಡ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು ಹೊಸ ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಹಳೆಯ ಟಿಕ್ಕಿಗೂ ಹೊಸದಕ್ಕೂ ಇರುವ ಅಂತರ ಕಾಣುತ್ತದೆ. ಬಾರಿಸಿದ ಪ್ರತಿ ಟ್ರ್ಯಾಕನ್ನೂ ಅಷ್ಟೇ ಎಡಕ್ಕೆ ಸರಿಸಿದರೆ ಆಯಿತು. ನಿಮ್ಮ ಗಿಟಾರ್ ನಿಮಗೇ ತಡವಾಗಿ ಕೇಳುತ್ತಿದ್ದರೆ ರೆಕಾರ್ಡಿಂಗ್ ಸಾಫ್ಟ್‌ವೇರಿನ ಸೆಟಿಂಗಿನಲ್ಲಿ ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ಎಷ್ಟು ದನಿಯ ತುಣುಕು ಕೂಡಿಟ್ಟುಕೊಂಡು ಸಾಗಿಸುತ್ತದೆ ಅನ್ನುವ ಲೆಕ್ಕ) 128ಕ್ಕೆ ಇಳಿಸಿ. ಚಟ್‌ಚಟ್ ಸದ್ದು ಬಂದರೆ 256.

ಗುಂಯ್ ಅನ್ನುವುದು ಮೈಕನ್ನು ಗಿಟಾರಿನ ತೂತಿನ ಎದುರಿಗಿಟ್ಟಾಗಿನ ದನಿ. 12ನೇ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಎದುರು, 20ರಿಂದ 30 ಸೆಂಟಿಮೀಟರ್ ದೂರದಲ್ಲಿಟ್ಟು, ಕತ್ತು ಹೊಟ್ಟೆಗೆ ಕೂಡುವ ಕಡೆ ಸ್ವಲ್ಪ ತಿರುಗಿಸಿ.

ಮಗ್ಗಕ್ಕೆ ಮದ್ದಿಲ್ಲ, ಅದು ನಿಂತ ಮೇಲೆ ರೆಕಾರ್ಡಿಂಗಿಗೆ ಕೂರಬೇಕು ಅಷ್ಟೇ. ಒಂದು ಟ್ರ್ಯಾಕಿನಲ್ಲಿ ಸಣ್ಣಗಿದ್ದ ಲಟಪಟ ನಾಲ್ಕು ಟ್ರ್ಯಾಕ್ ಕೂಡಿದಾಗ ಹಾಡಿಗಿಂತ ಮುಂದೆ ಬಂದು ಕೂರುತ್ತದೆ. ನಿಮ್ಮ ಬೆನ್ನಿಗೆ ಎರಡು ಕೌದಿ ಇಳಿಬಿಡಿ. ಖೋಲಿಯ ಮಾರ್ದನಿಯನ್ನು ಅವು ನುಂಗುತ್ತವೆ. ಮಗ್ಗವನ್ನು ತಡೆಯುತ್ತವೆ ಅಂತ ಮಾತ್ರ ನಂಬಬೇಡಿ.

ಇನ್ನೊಂದು, ನೀವು ಕೇಳದಿದ್ದರೂ: ಒಂದೇ ಟ್ರ್ಯಾಕನ್ನು ಕಾಪಿ ಮಾಡಿ ಎಡಕ್ಕೊಂದು ಬಲಕ್ಕೊಂದು ಹಾಕಿದರೆ ದನಿ ಜೋರಾಗುತ್ತದೆಯೇ ಹೊರತು ಅಗಲವಾಗುವುದಿಲ್ಲ. ಎರಡು ಸಲ ಬಾರಿಸಲೇಬೇಕು, ಪ್ರತಿ ಸಲವೂ ಶ್ರುತಿ ನೋಡಿಕೊಂಡು.

ಇನ್ನು ರೋಡ್ಸ್. ಕ್ಯಾಲಿಫೋರ್ನಿಯಾದ ಹಾಥಾರ್ನ್‌ನಲ್ಲಿ ತಂದೆತಾಯಿಯ ಮನೆಯಲ್ಲೇ ಸ್ಟುಡಿಯೊ ಕಟ್ಟಿಕೊಂಡು ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರದಲ್ಲಿ ಆ ಆಲ್ಬಂ ಮಾಡಿದರು. ಅಂಥ ಯಂತ್ರದಲ್ಲಿ ಮೂರು ಟ್ರ್ಯಾಕ್ ತುಂಬಿದ ಮೇಲೆ ಅವನ್ನು ನಾಲ್ಕನೆಯದಕ್ಕೆ ಕೂಡಿಸಿ ಜಾಗ ಮಾಡಿಕೊಳ್ಳಬೇಕು. ಕೂಡಿಸಿದ ಮೇಲೆ ಡ್ರಮ್ ಸಣ್ಣಗಾಯಿತು ಅಂದರೆ ಸಣ್ಣಗೇ, ಅದೊಂದನ್ನೇ ಜೋರು ಮಾಡಲಾಗದು. ಆಲ್ಬಂ ಆಗ ಯಾರಿಗೂ ಗೊತ್ತಿರಲಿಲ್ಲ ಅನ್ನುವಂತಿಲ್ಲ, ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ 29ನೇ ಸ್ಥಾನದವರೆಗೆ ಏರಿತ್ತು. ಆದರೆ ಅವರ ಹಳೆಯ ರೆಕಾರ್ಡ್ ಕಂಪನಿ ಅವರ ಹಿಂದಿನ ಹಾಡುಗಳನ್ನೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಾರುಕಟ್ಟೆಗೆ ಬಿಟ್ಟಿತು. ಹೊಸ ಕಂಪನಿಯ ಕರಾರು ಆರು ತಿಂಗಳಿಗೊಂದು ಆಲ್ಬಂ. ಡ್ರಮ್ಮಿನಿಂದ ಹಾಡಿನವರೆಗೆ ಒಬ್ಬನೇ ಮಾಡುವವನಿಗೆ ಅದು ಆಗುವ ಮಾತೇ? ಗಡುವು ತಪ್ಪಿತು, ಕಂಪನಿ ಕೋರ್ಟಿಗೆ ಹೋಯಿತು. ಮೂರನೇ ಆಲ್ಬಂ ಆದಮೇಲೆ ಅವರ ಮುಂದಿನ ಹೊಸ ಆಲ್ಬಂ ಬಂದದ್ದು 2016ರಲ್ಲಿ.