ವೃತ್ತಿಯಲ್ಲಿ ಕಲಿತದ್ದನ್ನು ಸೇವಾಸಂಸ್ಥೆಗೆ ಕೊಡುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ನೀವು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಂಪನಿಯೊಂದರ ಹಣಕಾಸು ವಿಭಾಗದಲ್ಲಿ ಹನ್ನೆರಡು ವರ್ಷಗಳಿಂದ ಇದ್ದೀರಿ. ಕಂಪನಿಯ ಕಡೆಯಿಂದ ಗಿಡ ನೆಡಲು, ಶಾಲೆಯ ಗೋಡೆಗೆ ಬಣ್ಣ ಬಳಿಯಲು ಹೋಗಿ ಬಂದಿದ್ದೀರಿ. ಈಗ ನಿಮ್ಮ ವೃತ್ತಿಯ ತಿಳಿವಳಿಕೆಯಿಂದಲೇ ಯಾವುದಾದರೂ ಸೇವಾಸಂಸ್ಥೆಗೆ ಉಪಯೋಗವಾದೀತೇ, ತಿಂಗಳಿಗೆ ಎರಡು ಶನಿವಾರ ಸಾಕೇ, ಅವರು ತಮ್ಮ ಲೆಕ್ಕಪತ್ರಗಳನ್ನು ಹೊರಗಿನವರಾದ ನಿಮಗೆ ತೋರಿಸುತ್ತಾರೆಯೇ ಎಂದು ಕೇಳಿದ್ದೀರಿ.

ಉಪಯೋಗವಾಗುತ್ತದೆ, ಎರಡು ಶನಿವಾರ ಧಾರಾಳವಾಗಿ ಸಾಕು. ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರ ನೀವು ಮೊದಲ ಎರಡು ತಿಂಗಳು ಹೇಗೆ ನಡೆದುಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿದೆ. ಅದನ್ನು ನಾನು ಮೊದಲು ತಪ್ಪಿ ಆಮೇಲೆ ಕಲಿತವಳು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಸರಸ್ವತಿಪುರಂನಲ್ಲಿ ಸಣ್ಣ ಕಚೇರಿ ನಡೆಸುವ ಚಾರ್ಟರ್ಡ್ ಅಕೌಂಟೆಂಟ್. 2021ರಿಂದ ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಶ್ರವಣದೋಷವಿರುವ ಮಕ್ಕಳಿಗಾಗಿ ನಡೆಯುವ ವಸತಿಶಾಲೆಗೆ ಹೋಗಿಬರುತ್ತಿದ್ದೇನೆ. ಅಲ್ಲಿ ಲೆಕ್ಕ ಬರೆಯುವವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ. ಮೊದಲ ವರ್ಷ ನಾನು ಮಾಡಿದ್ದೇನೆಂದರೆ, ದಿನದಿನದ ಜಮಾಖರ್ಚು ಬರೆಯುವ ಅವರ ಕಿರ್ದಿ ಪುಸ್ತಕವನ್ನು ಹತ್ತು ನಿಮಿಷ ತಿರುವಿಹಾಕಿ, ಇದೆಲ್ಲ ಹಳೆಯ ಪದ್ಧತಿ ಎಂದು ತೀರ್ಮಾನಿಸಿ, ದಾನಿಗಳು ಕೊಟ್ಟಿದ್ದ ಒಂದು ಕಂಪ್ಯೂಟರಿಗೆ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಹಾಕಿಸಿ, ನಲವತ್ತಕ್ಕೂ ಹೆಚ್ಚು ಖಾತೆಗಳನ್ನು ತೆರೆದು, ಕಚೇರಿಯ ಹುಡುಗನೊಬ್ಬನಿಂದ ಎರಡು ದಿನ ತರಬೇತಿ ಕೊಡಿಸಿ ಬಂದೆ. ಮೂರು ತಿಂಗಳ ನಂತರ ಹೋದಾಗ ಕಂಪ್ಯೂಟರಿಗೆ ಬಟ್ಟೆ ಹೊದಿಸಿತ್ತು. ಮೇಷ್ಟ್ರು ಎಂದಿನಂತೆ ಕಿರ್ದಿ ಬರೆಯುತ್ತಿದ್ದರು. ನನಗೆ ಬೇಸರವಾದದ್ದು ಮುಖದಲ್ಲಿ ಕಂಡಿರಬೇಕು, ಅವರೇ ಹೇಳಿದರು: "ಅದ್ರಲ್ಲಿ ಏನಾದ್ರೂ ತಪ್ಪಾದ್ರೆ ನಾನು ಯಾರನ್ನ ಕೇಳ್ಲಮ್ಮ? ಪುಸ್ತಕದಲ್ಲಾದ್ರೆ ನಾನೇ ಹುಡುಕ್ಕೋತೀನಿ."

ಆ ಮಾತಿನಲ್ಲಿದ್ದ ನ್ಯಾಯ ನನಗೆ ಪೂರ್ತಿ ತಿಳಿಯಲು 2022ರ ಮೇ ತಿಂಗಳು ಬರಬೇಕಾಯಿತು. ಈ ಹಿನ್ನೆಲೆ ನಿಮಗೂ ಬೇಕಾಗುತ್ತದೆ. ಸಂಸ್ಥೆಯ ಟ್ರಸ್ಟ್‌ಗೆ ಆದಾಯ ತೆರಿಗೆ ಕಾಯ್ದೆಯ 80ಜಿ ಮಾನ್ಯತೆ ಇದ್ದರೆ, ಅಲ್ಲಿಗೆ ಕೊಟ್ಟ ದಾನಕ್ಕೆ ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಯು ತನ್ನ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳಬಹುದು. ಮೊದಲೆಲ್ಲ ರಸೀದಿಯೊಂದಿದ್ದರೆ ಸಾಕಿತ್ತು. 2021-22ನೇ ಹಣಕಾಸು ವರ್ಷದಿಂದ, ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿಯನ್ನು ಅವರ ಪ್ಯಾನ್ ಅಥವಾ ಬೇರೊಂದು ಗುರುತಿನ ಸಂಖ್ಯೆಯ ಸಮೇತ 10ಬಿಡಿ ಎಂಬ ನಮೂನೆಯಲ್ಲಿ ಮೇ 31ರೊಳಗೆ ಸಂಸ್ಥೆಯೇ ಸಲ್ಲಿಸಬೇಕು, ಅನಂತರ ಪ್ರತಿ ದಾನಿಗೂ 10ಬಿಇ ಎಂಬ ಪ್ರಮಾಣಪತ್ರ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿಯಂತೆ ಶುಲ್ಕ ಬೀಳುತ್ತದೆ. ನಮ್ಮ ವಸತಿಶಾಲೆಯ ಮೂರು ರಸೀದಿ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಾಗ ಒಂದರಲ್ಲೂ ಪ್ಯಾನ್ ಇರಲಿಲ್ಲ. ಕೆಲವು ಪ್ರತಿಗಳಲ್ಲಿ "ಮದ್ದೂರಿನ ಸೋದರತ್ತೆಯವರ ಕಡೆಯವರು" ಎಂದಷ್ಟೇ ಬರೆದಿತ್ತು. ನಾನು ಕಟ್ಟಿಕೊಟ್ಟಿದ್ದ ನಲವತ್ತು ಖಾತೆಗಳಲ್ಲೂ ಇದಕ್ಕೊಂದು ಜಾಗ ಇರಲಿಲ್ಲ. ಸಂಸ್ಥೆಗೆ ಆ ವರ್ಷ ನಿಜವಾಗಿ ಬೇಕಾಗಿದ್ದುದು ಏನೆಂದು ನಾನು ಕೇಳಿರಲೇ ಇಲ್ಲ. ಇಪ್ಪತ್ತು ದಿನ ನಾನೂ ಮೇಷ್ಟ್ರೂ ಸಂಜೆ ಸಂಜೆ ದಾನಿಗಳಿಗೆ ಫೋನು ಮಾಡುತ್ತಾ ಕಳೆದೆವು.

ಆ ಇಪ್ಪತ್ತು ದಿನಗಳಲ್ಲಿ ನಾನು ಅವರ ಕಿರ್ದಿಯನ್ನು ಓದಲು ಕಲಿತೆ. ಎಡಗಡೆ ಜಮಾ, ಬಲಗಡೆ ಖರ್ಚು, ಪ್ರತಿ ದಿನದ ಕೊನೆಗೆ ಕೈಯಲ್ಲಿರುವ ನಗದು, ಅದರ ಪಕ್ಕದಲ್ಲಿ ಮೇಷ್ಟ್ರ ಸಣ್ಣ ರುಜು. ಒಂದು ದಿನವೂ ತಪ್ಪಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಸುತ್ತಲ ರೈತರು ಒಂದೊಂದು ಮೂಟೆ ಭತ್ತವನ್ನೋ ಆಲೆಮನೆಯಿಂದ ಒಂದಷ್ಟು ಬೆಲ್ಲವನ್ನೋ ತಂದುಕೊಡುತ್ತಾರೆ; ಅದಕ್ಕಾಗಿ ಅವರು ಬೇರೆಯದೇ ಒಂದು ದಾಸ್ತಾನು ಪುಸ್ತಕ ಇಟ್ಟಿದ್ದರು. ವಸ್ತುರೂಪದ ದಾನಕ್ಕೆ 80ಜಿ ವಿನಾಯಿತಿ ಇಲ್ಲವಾದ್ದರಿಂದ ಅದನ್ನು ಹಣದ ಲೆಕ್ಕದಿಂದ ಬೇರೆಯಿಟ್ಟದ್ದು ಸರಿಯಾಗಿಯೇ ಇತ್ತು. ಇಷ್ಟು ಶಿಸ್ತಿನ ಪುಸ್ತಕವನ್ನು ಹತ್ತು ನಿಮಿಷದಲ್ಲಿ ತಳ್ಳಿಹಾಕಿದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

ಕೊನೆಗೆ ನಾವು ಬದಲಾಯಿಸಿದ್ದು ರಸೀದಿ ಪುಸ್ತಕ ಒಂದನ್ನೇ. ಮುಂದಿನ ಸಲ ಅಚ್ಚು ಹಾಕಿಸುವಾಗ ದಾನಿಯ ಪೂರ್ಣ ಹೆಸರು, ವಿಳಾಸ, ಪ್ಯಾನ್, ಮತ್ತು ನಗದು, ಚೆಕ್ಕು, ಯುಪಿಐ ಇವುಗಳಲ್ಲಿ ಯಾವುದು ಎಂದು ಗುರುತು ಹಾಕುವ ಮೂರು ಚೌಕಗಳನ್ನು ಸೇರಿಸಿದೆವು. ಹೆಸರು ವಿಳಾಸಕ್ಕೂ ಕಾರಣವಿದೆ: ಅವುಗಳ ದಾಖಲೆಯಿಲ್ಲದ ದಾನವನ್ನು ಕಾನೂನು ಅನಾಮಧೇಯ ದಾನವೆಂದು ಎಣಿಸುತ್ತದೆ, ಒಂದು ಮಿತಿಯನ್ನು ಮೀರಿದರೆ ಅದರ ಮೇಲೆ ಶೇಕಡ 30ರ ತೆರಿಗೆ ಬೀಳುತ್ತದೆ. ಪಾವತಿಯ ಬಗೆಯನ್ನು ಗುರುತಿಸುವುದು ಇನ್ನೊಂದು ಜಗಳವನ್ನು ತಪ್ಪಿಸಿತು. ಮಗುವಿನ ಹುಟ್ಟುಹಬ್ಬಕ್ಕೆ, ಹಿರಿಯರ ತಿಥಿಗೆ ಒಂದು ದಿನದ ಊಟ ಹಾಕಿಸುವವರು ಸಾಮಾನ್ಯವಾಗಿ ಐದು ಸಾವಿರವನ್ನು ನಗದಾಗಿ ಕೈಗಿಟ್ಟು, ವರ್ಷದ ಕೊನೆಗೆ ವಿನಾಯಿತಿಯ ಪತ್ರ ಕೇಳುತ್ತಾರೆ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಸಿಗುವುದಿಲ್ಲ. ಇದನ್ನು ಮಾರ್ಚಿನಲ್ಲಿ ಹೇಳಿದರೆ ದಾನಿ ಸಿಟ್ಟಾಗುತ್ತಾರೆ; ರಸೀದಿ ಬರೆಯುವ ಹೊತ್ತಿನಲ್ಲಿ ಹೇಳಿದರೆ ಅಲ್ಲೇ ಮೊಬೈಲು ತೆಗೆದು ಯುಪಿಐ ಮಾಡುತ್ತಾರೆ. ಈಗ ಮೇಷ್ಟ್ರು ಪ್ರತಿ ತಿಂಗಳ ಕೊನೆಗೆ ರಸೀದಿಗಳನ್ನು ನೋಡಿಕೊಂಡು ಒಂದು ಪಟ್ಟಿ ಬರೆಯುತ್ತಾರೆ, ಅಡುಗೆಯವರ ಮಗಳು ಅದನ್ನು ಕಂಪ್ಯೂಟರಿಗೆ ಏರಿಸುತ್ತಾಳೆ. 2024ರಿಂದ 10ಬಿಡಿಯನ್ನು ಅವರಿಬ್ಬರೇ ಸಿದ್ಧಪಡಿಸುತ್ತಿದ್ದಾರೆ, ನಾನು ಮೇಲಿನಿಂದ ಒಮ್ಮೆ ಕಣ್ಣಾಡಿಸುತ್ತೇನೆ.

ಆದ್ದರಿಂದ ನಿಮ್ಮಲ್ಲಿ ನನ್ನ ಮೊದಲ ಕೋರಿಕೆ, ಮೊದಲ ಎರಡು ಶನಿವಾರ ಯಾವ ಸಲಹೆಯನ್ನೂ ಕೊಡಬೇಡಿ. ಲೆಕ್ಕ ಬರೆಯುವವರ ಪಕ್ಕದಲ್ಲಿ ಕುಳಿತು, ಅವರು ಒಂದು ದಿನದ ಲೆಕ್ಕವನ್ನು ಹೇಗೆ ಮುಗಿಸುತ್ತಾರೆ ಎಂಬುದನ್ನು ನೋಡಿ. ಕಂಪನಿಯಲ್ಲಿ ನಮಗೆ ಖರೀದಿ, ದಾಸ್ತಾನು, ಸಂಬಳ ಎಂದು ಪ್ರತಿಯೊಂದಕ್ಕೂ ಒಬ್ಬೊಬ್ಬರು ಇರುತ್ತಾರೆ. ಸಣ್ಣ ಸಂಸ್ಥೆಯಲ್ಲಿ ಇವೆಲ್ಲವನ್ನೂ ನೋಡುವ ವ್ಯಕ್ತಿಯೇ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೂ ಓಡಬೇಕು. ನೀವು ಕೊಡುವ ವ್ಯವಸ್ಥೆ ಅಂಥ ದಿನವೂ ನಡೆಯುವಂತಿರಬೇಕು.

ಎರಡನೆಯದು, ಹೋಗುವ ಕಾಲ. ಸೆಪ್ಟೆಂಬರಿನಲ್ಲಿ ಹೋಗಬೇಡಿ. ಆಡಿಟ್ ವರದಿಗೆ ಸಾಮಾನ್ಯವಾಗಿ ಸೆಪ್ಟೆಂಬರ್ 30 ಮತ್ತು ರಿಟರ್ನಿಗೆ ಅಕ್ಟೋಬರ್ 31 ಗಡುವಾಗಿರುವುದರಿಂದ ಆಗ ಯಾರಿಗೂ ಹೊಸಬರಿಗೆ ವಿವರಿಸುವಷ್ಟು ವ್ಯವಧಾನ ಇರುವುದಿಲ್ಲ. ಫೆಬ್ರವರಿ ಒಳ್ಳೆಯ ತಿಂಗಳು. ಟ್ರಸ್ಟು ತನ್ನ ಆದಾಯದ ಶೇಕಡ 85ರಷ್ಟನ್ನು ಆ ವರ್ಷದೊಳಗೆ ತನ್ನ ಉದ್ದೇಶಕ್ಕೇ ಬಳಸಬೇಕೆಂಬ ನಿಯಮವಿದೆ. ಕಟ್ಟಡಕ್ಕೋ ಮತ್ತೊಂದಕ್ಕೋ ಉಳಿಸಿಡುವುದಾದರೆ ಅದಕ್ಕೆ ಪ್ರತ್ಯೇಕ ಅರ್ಜಿ ಬೇಕು. ಅಷ್ಟು ಬಳಕೆಯಾಗಿಲ್ಲವೆಂಬುದು ಮಾರ್ಚ್ 31 ದಾಟಿದ ಮೇಲೆ ತಿಳಿದರೆ ಖರ್ಚು ಮಾಡುವ ಅವಕಾಶ ಕಳೆದುಹೋಗಿರುತ್ತದೆ. ಫೆಬ್ರವರಿಯಲ್ಲಿ ಒಂದು ಅಂದಾಜು ಹಾಕಿಕೊಟ್ಟರೆ ಆ ಒಂದು ಮಧ್ಯಾಹ್ನದ ಕೆಲಸಕ್ಕೆ ದೊಡ್ಡ ಬೆಲೆಯಿದೆ. ಹೊಸ ರಸೀದಿ ಪುಸ್ತಕ, ಹೊಸ ಪಟ್ಟಿ ಏನೇ ಇದ್ದರೂ ಏಪ್ರಿಲ್ 1ರಿಂದ ಶುರುವಾಗುವಂತೆ ಮಾಡಬಹುದು.

ಹೋದೊಡನೆ ನೋಡಬೇಕಾದ ಒಂದು ಕಾಗದವೆಂದರೆ 12ಎಬಿ ನೋಂದಣಿಯ, ಅಂದರೆ ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿಯ, ಆದೇಶ. ಹಿಂದೆ ಈ ನೋಂದಣಿ ಒಮ್ಮೆ ಆದರೆ ಶಾಶ್ವತವಾಗಿತ್ತು. 2021ರಲ್ಲಿ ಎಲ್ಲರೂ ಮರುನೋಂದಣಿ ಮಾಡಿಸಿಕೊಂಡಾಗ ಐದು ವರ್ಷದ ಅವಧಿ ಕೊಟ್ಟರು, ಅವಧಿ ಮುಗಿಯುವುದಕ್ಕೆ ಆರು ತಿಂಗಳ ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಹಳೆಯ ಸಂಸ್ಥೆಗಳಲ್ಲಿ ಮೂವತ್ತು ವರ್ಷದ ಹಿಂದಿನ ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುತ್ತಾರೆ, ಅದೇ ಸಾಕೆಂಬ ನಂಬಿಕೆ ಅವರಿಗೆ. ಒಂದು ಮಾತು ನೆನಪಿರಲಿ: 2026ರ ಏಪ್ರಿಲ್ 1ರಿಂದ ಜಾರಿಯ ದಿನಾಂಕವಿರುವ ಆದಾಯ ತೆರಿಗೆ ಕಾಯ್ದೆ 2025ರಲ್ಲಿ ಕಲಮುಗಳ ಸಂಖ್ಯೆ ಬೇರೆಯಾಗಿದೆ. ನಾನು ಇಲ್ಲಿ ಎಲ್ಲರ ಬಾಯಲ್ಲಿರುವ ಹಳೆಯ ಸಂಖ್ಯೆಗಳನ್ನೇ ಬಳಸಿದ್ದೇನೆ, ಅರ್ಜಿ ತುಂಬುವಾಗ ಹೊಸದನ್ನು ನೋಡಿಕೊಳ್ಳಿ.

ಮೂರನೆಯ ವಿಷಯದಲ್ಲಿ ನಾನು ತುಸು ಕಟ್ಟುನಿಟ್ಟು. ಲೆಕ್ಕ ಬರೆಯುವುದಕ್ಕೆ ನೆರವಾದವರು ಅದೇ ಲೆಕ್ಕದ ಆಡಿಟ್ ಮಾಡಬಾರದು. ವಸತಿಶಾಲೆಯವರು "ನೀವೇ ಆಡಿಟ್ ಮಾಡಿಕೊಟ್ಟರೆ ಫೀಸು ಉಳಿಯುತ್ತದೆ" ಎಂದು ಕೇಳಿದಾಗ ಒಪ್ಪಿಕೊಳ್ಳುವುದು ನನಗೆ ಸುಲಭವಿತ್ತು. ಆದರೆ ನಾನೇ ರೂಪಿಸಿದ ಲೆಕ್ಕವನ್ನು ನಾನೇ ಪರೀಕ್ಷಿಸಿದರೆ ದಾನಿಗಳಿಗೆ ಆ ಸಹಿಯಿಂದ ಯಾವ ಭರವಸೆಯೂ ಸಿಗದು. ಆಡಿಟರು ಬೇರೆಯವರೇ ಇದ್ದಾರೆ, ಸಂಸ್ಥೆ ಅವರಿಗೆ ಫೀಸು ಕೊಡುತ್ತದೆ. ಹಾಗೆಯೇ ನಿಮ್ಮನ್ನು ಬೇಗನೆ ಖಜಾಂಚಿಯನ್ನಾಗಿಯೋ ಟ್ರಸ್ಟಿಯನ್ನಾಗಿಯೋ ಮಾಡಲು ಹೊರಟರೆ ಕನಿಷ್ಠ ಒಂದು ವರ್ಷ ಬೇಡವೆನ್ನಿ. ಅದು ಕಾನೂನಿನ ಹೊಣೆಯಿರುವ ಸ್ಥಾನ. ಸಂಸ್ಥೆಯನ್ನು ಒಳಗಿನಿಂದ ತಿಳಿಯದೆ ಹೊರುವಂಥದ್ದಲ್ಲ.

ನಂಬಿಕೆಯ ಪ್ರಶ್ನೆ ಕೇಳಿದಿರಲ್ಲ, ಅದಕ್ಕೆ ನನಗೆ ಗೊತ್ತಿರುವ ದಾರಿ ಒಂದು ಪುಟದ ಪತ್ರ. ಯಾವ ಕೆಲಸ ಮಾಡಿಕೊಡುತ್ತೀರಿ, ಯಾವುದನ್ನು ಮಾಡುವುದಿಲ್ಲ, ಯಾವ ತಾರೀಖಿಗೆ ಮುಗಿಸುತ್ತೀರಿ, ಮುಗಿದ ಮೇಲೆ ಅದನ್ನು ಅಲ್ಲಿ ಯಾರು ಮುಂದುವರಿಸುತ್ತಾರೆ, ಕಾಗದಪತ್ರಗಳು ಸಂಸ್ಥೆಯಿಂದ ಹೊರಗೆ ಹೋಗುವುದಿಲ್ಲ ಎಂಬುದನ್ನು ಕನ್ನಡದಲ್ಲಿ ಬರೆದು ಕಾರ್ಯದರ್ಶಿಯವರಿಗೆ ಕೊಡಿ. ಫೀಸು ಕೊಡುವ ಕಕ್ಷಿದಾರರಿಗೆ ನಾವು ಇಂಥ ಪತ್ರ ಕೊಟ್ಟೇ ಕೊಡುತ್ತೇವೆ. ಉಚಿತ ಕೆಲಸವೆಂದಾಗ ಎರಡೂ ಕಡೆಯವರಿಗೆ ಸಂಕೋಚ: ಅವರು ತಡವಾಯಿತೆಂದು ಕೇಳಲಾರರು, ನಾವು ಕಚೇರಿಯ ಕೆಲಸ ಬಂದಾಗ ಅವರದನ್ನೇ ಮುಂದಕ್ಕೆ ಹಾಕುತ್ತೇವೆ. ಪತ್ರವಿದ್ದರೆ ಕೇಳುವ ಹಕ್ಕು ಅವರಿಗೆ ಬರುತ್ತದೆ.

ವೈದ್ಯರ ಸೇವೆ ನಮ್ಮ ಜನಕ್ಕೆ ಬೇಗ ಅರ್ಥವಾಗುತ್ತದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಮಾಡಿದ ಕೆಲಸ ನಮ್ಮ ಕಡೆ ಎಲ್ಲರಿಗೂ ಗೊತ್ತು. ಲೆಕ್ಕದವರು, ಸಿಬ್ಬಂದಿ ವಿಭಾಗದವರು, ಎಂಜಿನಿಯರುಗಳು ಬಂದು ಏನು ಮಾಡಿಯಾರು ಎಂಬುದು ಹಾಗೆ ಕಣ್ಣಿಗೆ ಕಾಣುವುದಿಲ್ಲ. ನನ್ನ ಜೊತೆ ಒಮ್ಮೆ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವ ಸ್ನೇಹಿತರೊಬ್ಬರು ಬಂದಿದ್ದರು. ವಸತಿಶಾಲೆಯ ಉಗ್ರಾಣದಲ್ಲಿ ಹೊಸ ಮೂಟೆಗಳನ್ನು ಹಳೆಯವುಗಳ ಮುಂದೆ ಪೇರಿಸುತ್ತಿದ್ದುದರಿಂದ ಹಿಂದಿನ ಅಕ್ಕಿಗೆ ಹುಳ ಬೀಳುತ್ತಿತ್ತು. ಅವರು ಮೂಟೆಗಳನ್ನು ಗೋಡೆಯಿಂದ ಒಂದು ಮೊಳ ಈಚೆಗೆ, ಮರದ ಹಲಗೆಗಳ ಮೇಲೆ ಎರಡು ಸಾಲಾಗಿ ಇರಿಸಿ, ಪ್ರತಿ ಮೂಟೆಯ ಮೇಲೆ ಬಂದ ತಿಂಗಳನ್ನು ಸೀಮೆಸುಣ್ಣದಲ್ಲಿ ಬರೆಸಿದರು. ಎಡಸಾಲು ಮುಗಿಯುವವರೆಗೆ ಬಲಸಾಲು ಮುಟ್ಟುವಂತಿಲ್ಲ ಎಂದು ಅಡುಗೆಯವರಿಗೆ ಹೇಳಿದರು. ಒಂದು ಶನಿವಾರದ ಕೆಲಸ ಅದು, ಈಗಲೂ ಹಾಗೆಯೇ ನಡೆಯುತ್ತಿದೆ. ಸಿಬ್ಬಂದಿ ವಿಭಾಗದ ಗೆಳೆಯರಿದ್ದರೆ ನೇಮಕಪತ್ರ, ರಜೆಯ ನಿಯಮ, ಇಪ್ಪತ್ತು ಜನರಾದಾಗ ಬೀಳುವ ಪಿಎಫ್ ಹೊಣೆ, ಹತ್ತು ಜನರಿದ್ದಲ್ಲಿ 2013ರ ಕಾಯ್ದೆಯಂತೆ ಇರಲೇಬೇಕಾದ ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ ಇವುಗಳನ್ನು ನೋಡಿಕೊಡಬಹುದು. ಪ್ರಚಾರದ ಕೆಲಸ ಬಲ್ಲವರು ಮಾತ್ರ ಒಂದನ್ನು ಮರೆಯಬಾರದು: ಪಾಲನೆ ಮತ್ತು ರಕ್ಷಣೆ ಬೇಕಿರುವ ಮಕ್ಕಳ ಗುರುತನ್ನು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ನಿಷೇಧಿಸುತ್ತದೆ. ಎಷ್ಟೇ ಮನ ಕಲಕುವ ಫೋಟೋ ಆದರೂ ಹಾಕುವಂತಿಲ್ಲ.

ಸಮಾಜಸೇವೆಗೆಂದು ನಿಮ್ಮ ಕಂಪನಿ ಮಾಡುವ ಖರ್ಚು, ಅಂದರೆ ಸಿಎಸ್‌ಆರ್ ಬಗ್ಗೆ ಒಂದು ಮಾತು. ನೌಕರರು ಸೇವೆಗೆ ಕೊಟ್ಟ ಸಮಯಕ್ಕೆ ಬೆಲೆಕಟ್ಟಿ ಸಿಎಸ್‌ಆರ್ ಖರ್ಚಿನಲ್ಲಿ ತೋರಿಸುವಂತಿಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲೇ ಸ್ಪಷ್ಟಪಡಿಸಿದೆ. ನಿಮ್ಮ ಸಮಯದ ಬೆಲೆಯನ್ನು ದಾನವೆಂದು ನೀವೂ 80ಜಿಯಲ್ಲಿ ಕೇಳುವಂತಿಲ್ಲ. ಹಾಗಾಗಿ ಮೇಲಧಿಕಾರಿಗಳ ಹತ್ತಿರ ತಿಂಗಳಿಗೆ ಒಂದು ಅರ್ಧ ದಿನದ ಬಿಡುವನ್ನಷ್ಟೇ ಕೇಳಿ. ಬಹಳಷ್ಟು ಜನ ಒಪ್ಪುತ್ತಾರೆ.

ಸಂಸ್ಥೆಯನ್ನು ಆರಿಸುವಾಗ ಮನೆಯಿಂದ ಒಂದು ಗಂಟೆಯೊಳಗೆ ತಲುಪುವಂಥದ್ದನ್ನೇ ನೋಡಿ. ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರು, ರೈಲೂ ಬಸ್ಸೂ ಬೇಕಾದಷ್ಟಿವೆ. ದೊಡ್ಡ ಹೆಸರಿನ ಸಂಸ್ಥೆಗಳಿಗೆ ಸಂಬಳದ ಅಕೌಂಟೆಂಟುಗಳು ಇರುತ್ತಾರೆ. ಹತ್ತು ಹದಿನೈದು ಸಿಬ್ಬಂದಿಯ, ಲೆಕ್ಕಕ್ಕೆ ಒಬ್ಬರೇ ಇರುವ ಜಾಗ ಸಿಕ್ಕರೆ ಅಲ್ಲಿಗೆ ಹೋಗಿ, ಮೊದಲ ದಿನ ಅವರ ರಸೀದಿ ಪುಸ್ತಕವನ್ನು ಕೇಳಿ ನೋಡಿ. ಮಾರ್ಗದಲ್ಲಿ ಏನಾದರೂ ತೊಡಕಾದರೆ ಇಲ್ಲಿಯೇ ಬರೆಯಿರಿ, ನನಗೆ ತಿಳಿದಷ್ಟನ್ನು ಖಂಡಿತ ಹೇಳುತ್ತೇನೆ.