ಹಳೆಯ ಅಂಬಾಸಿಡರ್‌ಗೆ ರಬ್ಬರ್ ಬುಷ್ ಒಳ್ಳೆಯದೋ, ಪಾಲಿಯುರೆಥೇನ್ ಬುಷ್ ಒಳ್ಳೆಯದೋ?

ಕಾರವಾರದಲ್ಲಿದ್ದು ಆಗಾಗ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿಬರುವ ನಿಮ್ಮ ಅಂಬಾಸಿಡರ್‌ಗೆ ರಬ್ಬರ್ ಬುಷ್‌ಗಳೇ (ಸಸ್ಪೆನ್ಷನ್‌ನ ಕೀಲುಗಳಲ್ಲಿ ಕೂರುವ ಮೆತ್ತೆಯಂಥ ಬಳೆಗಳು) ಸಾಕು ಎಂಬುದು ನನ್ನ ಅಭಿಪ್ರಾಯ. ಒಳಗಿನ ಉಕ್ಕಿನ ಸ್ಲೀವ್‌ಗೆ (ಕೊಳವೆಗೆ) ಅಂಟಿಕೊಂಡಿರುವ ರಬ್ಬರ್ ಜಾರದೆ ತಾನೇ ತಿರುಚಿಕೊಂಡು ಚಲನೆಗೆ ಎಡೆಕೊಡುವುದರಿಂದ, ರಸ್ತೆಯ ಅದುರುವಿಕೆ ಗಾಡಿಯ ಬಾಡಿಯವರೆಗೆ ಅಷ್ಟಾಗಿ ತಲುಪುವುದಿಲ್ಲ. ಅದರ ಶತ್ರು ಎಂಜಿನ್ ಆಯಿಲ್; ಸೋರಿಕೆಯಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು.

ಪಾಲಿಯುರೆಥೇನ್ (ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್) ಎಣ್ಣೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಘಟ್ಟದ ತಿರುವುಗಳಲ್ಲಿ ಗಾಡಿಯನ್ನು ಬಿಗಿಯಾಗಿಯೂ ಇಡುತ್ತದೆ. ಆದರೆ ಅದು ಸ್ಲೀವ್‌ನ ಮೇಲೆ ಜಾರಿ ತಿರುಗಬೇಕಾದದ್ದರಿಂದ, ಕರಾವಳಿಯ ಉಪ್ಪುಗಾಳಿ ಮತ್ತು ಮಳೆಗಾಲದ ಕೆಸರು ಒಳಸೇರಿ ಸ್ಲೀವ್ ತುಕ್ಕು ಹಿಡಿದರೆ ಕಿರುಗುಟ್ಟಲು ತೊಡಗುತ್ತದೆ. ಹಾಕಿಸುವುದೇ ಆದರೆ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಇರುವುದನ್ನು, ಗಡಸುತನದಲ್ಲಿ 95 ಶೋರ್ ಎ (ಗಡಸುತನದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ) ಬದಲು 80ರ ಆಸುಪಾಸಿನದನ್ನು ಆರಿಸಿ, ಸಿಲಿಕೋನ್ ಗ್ರೀಸ್ ಹಚ್ಚಿಸಿರಿ. ನೈಲಾನ್ ಬುಷ್‌ಗಳು ರೇಸ್ ಗಾಡಿಗಳಿಗಿರಲಿ.

ವಸ್ತುವಿನ ಆಯ್ಕೆಗಿಂತ ಜೋಡಣೆಯಲ್ಲೇ ಹೆಚ್ಚು ತಪ್ಪಾಗುತ್ತದೆ (ನನ್ನ ಗಾಡಿಯಲ್ಲೂ ಒಮ್ಮೆ ಆಗಿದೆ): ಜಾಕ್ ಮೇಲೆ ಚಕ್ರ ತೂಗಾಡುತ್ತಿರುವಾಗಲೇ ರಬ್ಬರ್ ಬುಷ್‌ನ ಬೋಲ್ಟ್‌ಗಳನ್ನು ಪೂರ್ತಿ ಬಿಗಿದರೆ, ಗಾಡಿ ನೆಲಕ್ಕಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಭಾರವೆಲ್ಲ ಚಕ್ರಗಳ ಮೇಲೆ ಕೂತ ನಂತರವೇ ಪೂರ್ತಿ ಬಿಗಿಸಿರಿ.