ಬೆಂಕಿ ಬೇಡ, ಮಳೆ ಬರಲಿ

ಓದುಗರ ಪತ್ರ: ಹಳೆಯ ಚೀನಾದ ಹಿನ್ನೆಲೆಯಲ್ಲಿ ಡ್ರ್ಯಾಗನ್ ಕಾದಂಬರಿ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯ ಲಗತ್ತಿಸಿದೆ. ಓದಿದವರೆಲ್ಲ ‘ಇಂಗ್ಲಿಷ್ ಸಿನಿಮಾ ಇದ್ದಂಗಿದೆ’ ಅನ್ನುತ್ತಾರೆ. ಎಲ್ಲಿ ತಪ್ಪಿದೆ? ಡ್ರ್ಯಾಗನ್‌ಗೆ ಕನ್ನಡದಲ್ಲಿ ‘ನಾಗ’ ಎನ್ನಬಹುದೆ?

ಸಂಪಾದಕರ ಉತ್ತರ: ಅವರು ಹೇಳಿದ್ದು ಸರಿ. ನಿಮ್ಮ ಡ್ರ್ಯಾಗನ್‌ಗೆ ಬಾವಲಿಯ ರೆಕ್ಕೆಯಿದೆ, ಅದು ಗುಹೆಯಲ್ಲಿ ಚಿನ್ನ ಕಾಯುತ್ತದೆ, ಊರಿಗೆ ಬೆಂಕಿ ಉಗುಳುತ್ತದೆ. ಊರಿನ ಹೆಸರು ಚೀನಾದ್ದು, ಪ್ರಾಣಿ ಯುರೋಪಿನದು. ಚೀನಾದ ಡ್ರ್ಯಾಗನ್, ಅಂದರೆ ‘ಲುಂಗ್’, ನೀರಿನ ಜೀವಿ. ಸಾಮಾನ್ಯವಾಗಿ ಅದಕ್ಕೆ ರೆಕ್ಕೆಯಿಲ್ಲ, ಆದರೂ ಹಾರುತ್ತದೆ, ಮೋಡ ಕವಿಸುತ್ತದೆ, ನದಿ, ಕಡಲು, ಕೆಲವೊಮ್ಮೆ ಊರಬಾವಿಯಲ್ಲೂ ಇರುತ್ತದೆ. ಜಿಂಕೆಯ ಕೊಂಬು, ಒಂಟೆಯ ತಲೆ, ಗೆಂಡೆ ಮೀನಿನ ಹುರುಪೆ, ಎತ್ತಿನ ಕಿವಿ, ಹುಲಿಯ ಪಂಜ ಎಂದು ಹಳೆಯ ಗ್ರಂಥಗಳು ಒಂಬತ್ತು ಹೋಲಿಕೆ ಹೇಳುತ್ತವೆ. ಒಂಬತ್ತನ್ನೂ ಒಂದೇ ಪ್ಯಾರಾದಲ್ಲಿ ಸುರಿದರೆ ಮೃಗಾಲಯದ ಬೋರ್ಡು ಓದಿದಂತಾಗುತ್ತದೆ. ಒಂದು ದೃಶ್ಯಕ್ಕೆ ಎರಡು ಸಾಕು.

ಆಕಾರಕ್ಕಿಂತ ಮುಖ್ಯವಾದದ್ದು ಅದರ ಹುದ್ದೆ. ಲುಂಗ್ ಒಂದು ರೀತಿಯಲ್ಲಿ ಮಳೆ ಇಲಾಖೆಯ ಅಧಿಕಾರಿ. ಮೇಲಿನಿಂದ ಆದೇಶ ಬಾರದೆ ಹನಿ ಬಿಡುವಂತಿಲ್ಲ. ‘ಪಶ್ಚಿಮದ ಯಾತ್ರೆ’ ಎಂಬ ಹಳೆಯ ಚೀನೀ ಕಾದಂಬರಿಯಲ್ಲಿ ಜಿಂಗ್ ನದಿಯ ಡ್ರ್ಯಾಗನ್ ರಾಜ, ಆಗಿನ ರಾಜಧಾನಿ ಛಾಂಗ್‌ಆನ್ ಪೇಟೆಯ ಒಬ್ಬ ಜೋಯಿಸನ ಮೇಲೆ ಪಂಥ ಕಟ್ಟುತ್ತಾನೆ. ನಾಳೆ ಇಂಥ ಹೊತ್ತಿಗೆ ಮೂರಡಿ ಮೂರಂಗುಲ, ಮೇಲೆ 48 ಹನಿ ಮಳೆ ಎಂದು ಜೋಯಿಸ ಹೇಳಿರುತ್ತಾನೆ. ಸ್ವರ್ಗದ ಆದೇಶ ಬಂದರೆ ಅದರಲ್ಲೂ ಅದೇ ಲೆಕ್ಕ! ಸೋಲಬಾರದೆಂಬ ಹಟಕ್ಕೆ, ಮೀನು ಮಂತ್ರಿಯೊಬ್ಬನ ಮಾತು ಕೇಳಿ, ರಾಜ ಎರಡು ಗಂಟೆಯಷ್ಟು ತಡಮಾಡುತ್ತಾನೆ, ಮೂರಂಗುಲ ಎಂಟು ಹನಿ ಕಡಿತ ಮಾಡುತ್ತಾನೆ. ಅಷ್ಟಕ್ಕೇ ತಲೆದಂಡ. ಕಥೆಯ ಬಿಗಿ ಎಲ್ಲಿದೆ ನೋಡಿ: ಆ ಎಂಟು ಹನಿಯಲ್ಲಿ. ನಿಮ್ಮ ಯುವಕನ ಕತ್ತಿಗಿಂತ ಇದು ಹರಿತ.

ಲುಂಗನ್ನು ಕೆರಳಿಸಲೇಬೇಕೆಂದರೆ ಅದರ ಕತ್ತು ನೋಡಿ. ಗಂಟಲಡಿಯ ಹುರುಪೆ ತಿರುಗುಮುರುಗಾಗಿರುತ್ತದೆ. ಅಗಲ ಒಂದು ‘ಛಿ’, ಅಂದರೆ ಆ ಕಾಲಕ್ಕೆ ನಮ್ಮ ಒಂದು ಗೇಣಿನಷ್ಟು. ಪಳಗಿಸಿ ಸವಾರಿಯನ್ನೂ ಮಾಡಬಹುದು, ಅಲ್ಲಿ ಕೈಯಿಟ್ಟವನು ಮಾತ್ರ ಉಳಿಯುವುದಿಲ್ಲ ಎನ್ನುತ್ತಾನೆ ಪ್ರಾಚೀನ ಚೀನಾದ ಚಿಂತಕ ಹಾನ್ ಫೇ. ಅವನು ಬರೆದದ್ದು ದೊರೆಗಳಿಗೆ ಬುದ್ಧಿ ಹೇಳುವುದು ಹೇಗೆಂಬ ಬಗ್ಗೆ.

ಇನ್ನು ಎರಡನೆಯ ದೋಷ, ಕಲಸುಮೇಲೋಗರ. ಛಾಂಗ್‌ಆನ್ ಅರಮನೆಗೆ ಜಪಾನಿನ ಕಿತ್ಸುನೆ ಎಂಬ ಮಾಯಾ ನರಿ ಬಂದಿದೆ, ತೋಟದ ಕೊಳದಲ್ಲಿ ಕೊರಿಯಾದ ಇಮುಗಿ ಮಲಗಿದೆ. ಇಮುಗಿ ಎಂದರೆ ಸಾವಿರ ವರ್ಷ ಕಾದು ಡ್ರ್ಯಾಗನ್ ಆಗಬೇಕಾದ ಹಾವು. ಅದನ್ನು ಬರೆಯಬೇಕೆಂದರೆ ಕಥೆಯನ್ನೇ ಕೊರಿಯಾಕ್ಕೆ ಸಾಗಿಸಿ. ಡ್ರ್ಯಾಗನ್ ಪಂಜದ ಉಗುರಿನ ಲೆಕ್ಕವೂ ಬೇರೆ. ಜಪಾನಿನ ಚಿತ್ರಗಳಲ್ಲಿ ಸಾಮಾನ್ಯವಾಗಿ ಮೂರು. ಚೀನಾದಲ್ಲಿ ಐದುಗುರು ಚಕ್ರವರ್ತಿಯ ಗುರುತಾಗಿತ್ತು. ನಿಮ್ಮ ವ್ಯಾಪಾರಿ ಐದುಗುರಿನ ಡ್ರ್ಯಾಗನ್ ಚಿತ್ರವಿರುವ ನಿಲುವಂಗಿ ತೊಟ್ಟು ಪೇಟೆ ಸುತ್ತುತ್ತಾನೆ, ಯಾರೂ ಹಿಡಿಯುವುದಿಲ್ಲ!

‘ನಾಗ’ದ ಪ್ರಶ್ನೆ ಸೊಗಸಾಗಿದೆ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ನಾಗ ಎಂಬಲ್ಲಿ ಲುಂಗ್ ಎಂದೇ ಬರೆದರು. ಡ್ರ್ಯಾಗನ್ ರಾಜರ ಕಥೆಗಳಲ್ಲಿ ನಮ್ಮ ನಾಗರಾಜರ ಪಾಲು ದೊಡ್ಡದು. ಹಾಗೆಂದು ಕನ್ನಡದಲ್ಲಿ ನಾಗ ಎಂದ ಕೂಡಲೇ ಓದುಗರಿಗೆ ಹೆಡೆ, ನಾಗರಕಲ್ಲು, ತನು ಎರೆಯುವುದು ಕಾಣುತ್ತದೆ. ಜಿಂಕೆಯ ಕೊಂಬು ಕಾಣುವುದಿಲ್ಲ. ‘ಲುಂಗ್’ ಎಂದೇ ಬರೆಯಿರಿ. ಬೌದ್ಧ ಭಿಕ್ಷುವಿನ ಪಾತ್ರ ಬಂದರೆ ಅವನ ಬಾಯಲ್ಲಿ ಮಾತ್ರ ‘ನಾಗರಾಜ’ ಬರಲಿ.

ಊರಿಗೆ ಬರ ಬಿದ್ದಿದೆ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮಳೆ ಬಾರದಿದ್ದರೆ ನಾವು ಕಪ್ಪೆಗಳಿಗೆ ಮದುವೆ ಮಾಡುತ್ತೇವೆ. ಚೀನಾದ ಹಳ್ಳಿಗರು ಡ್ರ್ಯಾಗನ್ ರಾಜನ ಮೂರ್ತಿಯನ್ನೇ ಗುಡಿಯಿಂದ ಹೊತ್ತು ತಂದು, ‘ಬಿಸಿಲು ಹೇಗಿದೆ ನೀನೇ ನೋಡು’ ಎಂಬಂತೆ ಬಯಲಲ್ಲಿ ಕೂರಿಸುತ್ತಿದ್ದರು. ಮೊದಲ ಅಧ್ಯಾಯ ಅಲ್ಲಿಂದ ತೆಗೆಯಿರಿ: ಉರಿಬಿಸಿಲು, ಬಣ್ಣ ಬಿರಿಯುತ್ತಿರುವ ಮೂರ್ತಿ, ಸುತ್ತ ನಿಂತ ರೈತರು. ಗುಹೆಯನ್ನೂ ಚಿನ್ನವನ್ನೂ ಕೈಬಿಟ್ಟು, ತಿದ್ದಿದ ಪ್ರತಿ ಕಳುಹಿಸಿ.